ಮನೆ ಕೀ ಕಟ್ಟಿದ್ಯಾ?

ಅವನು ಬಾವಿ ದಾಟಿದ್ದು ರಾತ್ರಿ ಎರಡೂ ಮುಕ್ಕಾಲಿಗೆ. ಗಂಟೆ ನಿನಗೆ ಹೇಗೆ ಗೊತ್ತು ಅಂತ ಮಧ್ಯೆ ಬಾಯಿ ಹಾಕ್ಬೇಡಿ, ಅವನೇ ಹೇಳಿದ್ದು. ದೇವರಿಲ್ಲ, ದೆವ್ವ ಇಲ್ಲ, ಆತ್ಮ ಇಲ್ಲ ಅಂತ ಊರೆಲ್ಲಾ ವಾದ ಮಾಡೋ ಮನುಷ್ಯ. ಆದ್ರೆ ಗಂಟೆ ಮಾತ್ರ ಸರಿಯಾಗಿ ನೋಡ್ಕೋತಾನೆ.

ನಮ್ಮ ಬೀದಿ ತಿರುವಲ್ಲಿ, ಮುಚ್ಚಿಹೋದ ಪ್ರೆಸ್ಸಿನ ಗೋಡೆ ಪಕ್ಕ, ಕಬ್ಬಿಣದ ಜಾಲರಿ ಮುಚ್ಚಿರೋ ಹಳೇ ಬಾವಿ ಇದೆಯಲ್ಲ... ಅದೇ. ಬೀದಿ ದೀಪದ ಬೆಳಕು ಅಲ್ಲಿಗೆ ಮುಟ್ಟಲ್ಲ. ಗಾಳಿ ಇರ್ಲಿಲ್ಲ. ಒಂದು ನಾಯಿನೂ ಇರ್ಲಿಲ್ಲ. ಅವನ ಬೂಟಿನ ಸದ್ದು, ಹೆಗಲ ಚೀಲದಲ್ಲಿ ಸ್ಪ್ಯಾನರುಗಳ ಸದ್ದು. ಅಷ್ಟೇ.

ಆಗ ಕೇಳಿಸ್ತು.

ಟಣ್... ಟಣ್.

ಎರಡೇ ಸಲ. ಕೀ ಹಿಡ್ಕೊಂಡು ತಗಡಿಗೆ ಕುಟ್ಟಿದ ಹಾಗೆ. ಬಾವಿ ಒಳಗಿಂದ.

ಆಮೇಲೆ ಒಂದು ಪಿಸುಮಾತು. "ಮನೆ ಕೀ ಕಟ್ಟಿದ್ಯಾ?"

ಇವನು ನಿಲ್ಲಲಿಲ್ಲ, ತಿರುಗಿ ನೋಡ್ಲಿಲ್ಲ. ನಿದ್ದೆಗಣ್ಣಲ್ಲಿ "ಹೂಂ ಮೇಸ್ತ್ರಿ" ಅಂದ.

ಹತ್ತು ಹೆಜ್ಜೆ ಹೋದಮೇಲೆ ಕಾಲು ತಾನಾಗೇ ನಿಂತ್ಹೋಯ್ತು. ಮೇಸ್ತ್ರಿ ಸತ್ತು ಎಂಟು ತಿಂಗಳಾಗಿತ್ತು.

ನಗ್ತಿದೀರಾ? ನಗಿ ನಗಿ. ಕರೆಂಟು ಬರೋವರೆಗೆ ನಿಮಗೂ ಬೇರೆ ಕೆಲಸ ಇಲ್ಲ, ನನಗೂ ಹೊಲಿಯೋಕಾಗಲ್ಲ. ಆದ್ರೆ ಈಗ ತಾನೇ ಯಾರೋ ಒಬ್ಬರು ಅಂದ್ರಲ್ಲ, ಎದುರುಮನೆಯವರು ಮೆಟ್ಟಿಲಿಂದ ಬಿದ್ದು ಕಾಲು ಮುರ್ಕೊಂಡಿದ್ದು ಅವರ ಕರ್ಮ ಅಂತ... ಆ ಮಾತು ಕೇಳಿದ್ರೆ ನನಗೆ ಈಗ ಮೈ ಉರಿಯುತ್ತೆ. ನಾನೂ ಹಾಗೇ ಅನ್ನೋಳೇ. ದಿನಕ್ಕೆ ನೂರು ಸಲ. ದಾರ ತುಂಡಾದ್ರೆ ನನ್ನ ಕರ್ಮ, ಹಾಲು ಉಕ್ಕಿದ್ರೆ ನನ್ನ ಕರ್ಮ. ಅದಕ್ಕೇ ಹೇಳ್ತಿರೋದು. ಕೇಳಿಸ್ಕೊಳ್ಳಿ.

ಇವನು ನಮ್ಮ ಚಿಕ್ಕಮ್ಮನ ಮಗ. ಲಿಫ್ಟು ರಿಪೇರಿ ಮಾಡೋನು. ಮನೆಯಲ್ಲಿ ಎಲ್ಲರೂ ಅವನನ್ನ ಕರೆಯೋದು ಯಾಕಪ್ಪ ಅಂತ. ಮಾತು ಬಂದ ದಿನದಿಂದ ಏನು ಹೇಳಿದ್ರೂ "ಯಾಕೆ?" ಅನ್ನೋದೇ ಚಾಳಿ. ದೀಪಕ್ಕೆ ಕೈ ಮುಗಿಯೋ ಅಂದ್ರೆ "ಯಾಕೆ?" ದೊಡ್ಡವರ ಮುಂದೆ ಕಾಲು ಚಾಚ್ಬೇಡ ಅಂದ್ರೆ "ಯಾಕೆ?" ಮೂವತ್ನಾಲ್ಕು ವರ್ಷ ಆಯ್ತು, ಇನ್ನೂ ಬಿಟ್ಟಿಲ್ಲ.

ಚಿಕ್ಕಮ್ಮ ಹಾಸಿಗೆ ಹಿಡಿದು ಮೂರು ವರ್ಷ. ಒಂದು ಬೆಳಗ್ಗೆ ಬಟ್ಟೆ ಒಗೀತಾ ಇದ್ದವಳು ಹಾಗೇ ವಾಲಿದಳು. ಎಡಭಾಗ ಪೂರ್ತಿ ಹೋಯ್ತು, ಮಾತೂ ಹೋಯ್ತು. ನೋಡೋಕೆ ಬಂದವರೆಲ್ಲ ಮಂಚದ ಪಕ್ಕ ಕೂತು, ಲೊಚಗುಟ್ಟಿ, ಹೇಳೋದು ಒಂದೇ ಮಾತು. "ಯಾವ ಜನ್ಮದ ಕರ್ಮವೋ ಏನೋ, ಪಾಪ." ಅವಳಿಗೆ ಮಾತು ಹೋಗಿತ್ತು, ಕಿವಿ ಹೋಗಿರ್ಲಿಲ್ಲ. ನಾನೂ ಒಂದು ದಿನ ಅಂದುಬಿಟ್ಟೆ. ಅವಳ ಬೆನ್ನು ಒರೆಸ್ತಾ, ಸುಮ್ಮನೆ, ಬಾಯಿಗೆ ಬಂತು ಅಂದೆ.

ಬಾಗಿಲಲ್ಲಿ ಇವನು ನಿಂತಿದ್ದ. "ಯಾವ ಜನ್ಮ ಅಕ್ಕ? ಏನು ಮಾಡಿದ್ಲು ಹೇಳು. ನಿನಗೆ ಗೊತ್ತಿದ್ರೆ ಹೇಳು, ಇಲ್ದಿದ್ರೆ ಬಾಯಿ ಮುಚ್ಕೊ" ಅಂದ. ಅವನಿಗಿಂತ ಒಂಬತ್ತು ವರ್ಷ ದೊಡ್ಡವಳು ನಾನು. ಆಮೇಲೆ ಆರು ತಿಂಗಳು ನನ್ನ ಮುಖ ನೋಡ್ಲಿಲ್ಲ. ನಾನು ಕೆಳಗೆ ಅಂಗಡಿ ಹಿಂದಿನ ಕೋಣೆಯಲ್ಲಿ, ಅವರಿಬ್ಬರು ಮೇಲಿನ ಕೋಣೆಯಲ್ಲಿ. ಅವನು ಕೆಲಸಕ್ಕೆ ಹೋದಾಗ ಚಿಕ್ಕಮ್ಮನ್ನ ನೋಡ್ಕೊಳ್ಳೋಳು ನಾನೇ, ಆದ್ರೂ ಮಾತಿಲ್ಲ ಕತೆಯಿಲ್ಲ. ಕೊನೆಗೆ ನಮ್ಮಿಬ್ಬರನ್ನ ಮತ್ತೆ ಮಾತಾಡಿಸಿದ್ದು ಮೇಸ್ತ್ರಿನೇ.

ಮೇಸ್ತ್ರಿ ಅಂದ್ರೆ ಇವನಿಗೆ ಕೆಲಸ ಕಲಿಸಿದೋರು. ಸಣಕಲು ಮನುಷ್ಯ, ಜೇಬಲ್ಲಿ ಸದಾ ಒಂದು ಟೆಸ್ಟರ್. ತಿಂಗಳಿಗೊಂದು ಸಲ ನನ್ನ ಅಂಗಡಿಗೆ ಬರ್ತಿದ್ರು, ಕತ್ತರಿಸಿ ಉಳಿದ ಬಟ್ಟೆಯಲ್ಲಿ ಪಟ್ಟಿ ಕೇಳೋಕೆ. "ಎರಡು ಬೆರಳಗಲ, ಒಂದು ಗೇಣುದ್ದ, ಹತ್ತು ಕೊಡಮ್ಮ." ಯಾಕೆ ಅಂತ ನಾನು ಕೇಳಿರ್ಲಿಲ್ಲ, ನಾನೇನು ಯಾಕಪ್ಪನಾ?

ಆ ಪಟ್ಟಿ ಯಾಕೆ ಅಂದ್ರೆ... ಇದನ್ನ ಸ್ವಲ್ಪ ಗಮನ ಇಟ್ಟು ಕೇಳಿ, ಇದು ಗೊತ್ತಾಗದಿದ್ರೆ ಮುಂದಿನದು ಗೊತ್ತಾಗಲ್ಲ. ಹಳೇ ಲಿಫ್ಟು ಇರ್ತವಲ್ಲ, ಕೈಯಲ್ಲಿ ಬಾಗಿಲು ಎಳೆಯೋದು, ಅದರಲ್ಲಿ ಪ್ರತಿ ಮಹಡಿ ಬಾಗಿಲಿಗೂ ಒಂದೊಂದು ಲಾಕು. ಎಲ್ಲ ಬಾಗಿಲೂ ಸರಿಯಾಗಿ ಮುಚ್ಚಿದ್ರೆ ಮಾತ್ರ ಲಿಫ್ಟು ಅಲ್ಲಾಡೋದು. ಒಂದು ಲಾಕು ಕೆಟ್ಟರೂ ನಿಂತ ಕಡೆ ನಿಲ್ಲುತ್ತೆ. ರಿಪೇರಿ ಮಾಡುವಾಗ ಅದನ್ನ ಮೇಲೆ ಕೆಳಗೆ ಓಡಿಸಿ ನೋಡ್ಬೇಕಲ್ಲ? ಅದಕ್ಕೆ ಮೇಲುಗಡೆ ಮಿಷನ್ ರೂಮಲ್ಲಿ, ಪ್ಯಾನೆಲ್ ಡಬ್ಬದೊಳಗೆ, ಒಂದು ಗೇಣು ವೈರು ಸಿಕ್ಕಿಸ್ತಾರೆ. ಜಂಪರ್ ಅಂತಾರೆ. ಆ ವೈರು ಲಿಫ್ಟಿಗೆ ಸುಳ್ಳು ಹೇಳುತ್ತೆ, ಎಲ್ಲ ಬಾಗಿಲೂ ಮುಚ್ಚಿದೆ ಅಂತ. ಕೆಲಸ ಮುಗಿದಮೇಲೆ ತೆಗೀಲೇಬೇಕು. ಮರೆತು ಬಂದರೆ ಲಿಫ್ಟು ಆರಾಮಾಗಿ ಓಡಾಡ್ಕೊಂಡಿರುತ್ತೆ, ಕೆಟ್ಟ ಬಾಗಿಲು ಯಾರು ಎಳೆದ್ರೂ ತೆರ್ಕೊಳ್ಳುತ್ತೆ. ಒಳಗೆ ಲಿಫ್ಟಿದೆ ಅಂತ ಕಾಲಿಡ್ತಾರೆ. ಇರಲ್ಲ.

ಮೇಸ್ತ್ರಿ ಚಿಕ್ಕ ವಯಸ್ಸಲ್ಲಿ ಒಂದು ಸಲ ಮರೆತಿದ್ರು. ಒಬ್ಬ ಪೋಸ್ಟ್‌ಮನ್ ಬಿದ್ದ. ನಾಲ್ಕನೇ ಮಹಡಿಯಿಂದ. ಎಲ್ಲರೂ ಮೇಸ್ತ್ರಿಗೆ ಸಮಾಧಾನ ಹೇಳಿದ್ರಂತೆ, ಅವನ ಕರ್ಮ ತೀರಿತ್ತು, ನೀನು ನೆಪ ಅಷ್ಟೇ, ಮನಸ್ಸಿಗೆ ಹಚ್ಕೋಬೇಡ. ಆವತ್ತಿಂದ ಆ ಮನುಷ್ಯ ಜಂಪರ್ ಹಾಕಿದ ಕೂಡಲೇ, ತನ್ನ ಮನೆ ಕೀ ತೆಗೆದು, ಬಟ್ಟೆ ಪಟ್ಟಿಯಲ್ಲಿ ಆ ವೈರಿಗೆ ಕಟ್ಟೋರು. ವೈರು ತೆಗೀದೆ ಮನೆಗೆ ಹೋದ್ರೆ ಬಾಗಿಲು ತೆಗೆಯೋಕಾಗಲ್ಲ, ವಾಪಸ್ ಬರ್ಲೇಬೇಕು. ತೆಗೆದಮೇಲೆ ಅದೇ ಕೀಯಿಂದ ಡಬ್ಬದ ತಗಡಿಗೆ ಎರಡು ಸಲ ಕುಟ್ಟೋರು. ಟಣ್, ಟಣ್. ಆಯ್ತು ಅಂತ. ನಲವತ್ತು ವರ್ಷ ಹಾಗೇ.

ಯಾಕಪ್ಪನಿಗೂ ಹೇಳಿದ್ರು. ಇವನು ಬಿಡ್ತಾನಾ? ನನ್ನ ಅಂಗಡಿಯಲ್ಲೇ ವಾದ ಆಯ್ತು, ನಾನು ಕಾಜಾ ಹಾಕ್ತಾ ಕೇಳ್ತಿದ್ದೆ.

"ಕರ್ಮ ಅಂದ್ರೆ ಮುಂದಿನ ಜನ್ಮದ ಮಾತಲ್ಲ ಕಣೋ" ಅಂದ್ರು ಮೇಸ್ತ್ರಿ. "ಬಿದ್ದೋನ ಕರ್ಮ ಅಂತ ಹೇಳಿದವರಿಗೆಲ್ಲ ನನಗೆ ಹೊಡೀಬೇಕು ಅನ್ನಿಸ್ತು. ಬಿದ್ದೋನ್ದಲ್ಲ. ನನ್ದು. ನೀನು ಮಾಡಿ ಬಿಟ್ಟುಬಂದ ಕೆಲಸ ಅಲ್ಲೇ ಕೂತಿರುತ್ತೆ. ನೀನು ಮಲಗಿದ್ರೂ ಅದು ಮಲಗಲ್ಲ. ಅದೇ ಕರ್ಮ."

"ಅದಕ್ಕೆ ಕರ್ಮ ಅಂತ ಯಾಕೆ ಹೇಳ್ಬೇಕು ಮೇಸ್ತ್ರಿ? ಮರೆವು ಅನ್ನಿ. ತಪ್ಪು ಅನ್ನಿ. ಈ ಪದ ಹಿಡ್ಕೊಂಡೇ ಜನ ನಮ್ಮಮ್ಮನ ಮಂಚದ ಪಕ್ಕ ಕೂತು ಲೊಚಗುಟ್ಟೋದು."

ಮೇಸ್ತ್ರಿ ಪಟ್ಟಿಗಳನ್ನ ಮಡಿಸಿ ಜೇಬಿಗೆ ಹಾಕ್ಕೊಂಡ್ರು. ಆಮೇಲೆ ಅಂದ್ರು, "ಹೆಸರು ನಿನಗೆ ಬೇಕಾದ್ದು ಇಟ್ಕೋ. ಕೀ ಕಟ್ಟು."

ಇವನು ಕಟ್ಟಲಿಲ್ಲ. ನನ್ನ ತಲೆ ನೆಟ್ಟಗಿದೆ, ನನಗೆ ಬಟ್ಟೆ ಚೂರು ಬೇಡ ಅಂದ. ಮೇಸ್ತ್ರಿ ಹೊರಡ್ತಾ ನನ್ನ ಕಡೆ ಕೈ ತೋರಿಸಿ ಅವನಿಗೆ, "ನಿಮ್ಮಕ್ಕನ ಹತ್ರ ಆದ್ರೂ ಮಾತಾಡೋ, ಅವಳೂ ಒಂದು ವೈರು ಮರೆತು ಬಿಟ್ಟಿದಾಳೆ ಅಷ್ಟೇ" ಅಂದ್ರು. ಹಾಗೆ ಮಾತು ಶುರುವಾಯ್ತು, ಕಾಫಿ ಕುಡೀತೀಯಾ, ಹೂಂ, ಅಷ್ಟರಮಟ್ಟಿಗೆ. ಅದಾಗಿ ಮೂರು ತಿಂಗಳಿಗೆ ಮೇಸ್ತ್ರಿ ನಿದ್ದೆಯಲ್ಲೇ ಹೋಗಿಬಿಟ್ರು.

ಈಗ ಆ ದಿನಕ್ಕೆ ಬರೋಣ.

ಬೆಳಗ್ಗೆ ಆರಕ್ಕೆ ಹೋದೋನು ಒಂದು ಏಳು ಮಹಡಿ ಕಟ್ಟಡದಲ್ಲಿ ಕೆಲಸ ಮಾಡ್ತಿದ್ದ. ಒಂದರ ಮೇಲೊಂದು ಆಫೀಸುಗಳು, ಲಿಫ್ಟು ಮಾತ್ರ ಅಜ್ಜನ ಕಾಲದ್ದು. ಮೂರನೇ ಮಹಡಿ ಲಾಕು ಮುರಿದಿತ್ತು. ಜಂಪರ್ ಹಾಕಿ ಓಡಿಸಿ ನೋಡ್ತಾ ಇದ್ದ. ಸಂಜೆ ಏಳಕ್ಕೆ ಸೂಪರ್‌ವೈಸರ್ ಫೋನು. ಇನ್ನೊಂದು ಕಟ್ಟಡದಲ್ಲಿ ನಾಲ್ಕು ಜನ ಲಿಫ್ಟೊಳಗೆ ಸಿಕ್ಕಿಹಾಕ್ಕೊಂಡಿದಾರೆ, ಒಬ್ಬರು ವಯಸ್ಸಾದವರು, ಉಸಿರು ಕಟ್ತಾ ಇದೆ, ಓಡು ಓಡು ಅಂತ. ಇವನು ಓಡಿದ. ಅವರನ್ನ ಹೊರಗೆ ತೆಗೆದು, ಆ ಲಿಫ್ಟಿನ ಮೋಟರು ಬಿಚ್ಚಿ ಜೋಡಿಸಿ ಮುಗಿಸೋ ಹೊತ್ತಿಗೆ ಎರಡು ದಾಟಿತ್ತು. ಬಸ್ಸಿಲ್ಲ, ಆಟೋ ಇಲ್ಲ. ನಡ್ಕೊಂಡು ಬಂದ. ಬಾವಿ ದಾಟಿದ.

ಮೂರು ಗಂಟೆಗೆ ನನ್ನ ಶೆಟರ್ ತಟ್ಟಿದ. ಬಡಿಯೋದಲ್ಲ, ಉಗುರಲ್ಲಿ ತಟ್ಟೋದು. ಟಕ ಟಕ ಟಕ. ನಾನು ಮೊದಲು ಇಲಿ ಅಂದ್ಕೊಂಡೆ.

"ಅಕ್ಕಾ... ಮನೆ ಕೀ ಇಲ್ಲ."

"ಜೇಬು ನೋಡ್ಕೊಂಡ್ಯಾ?"

"ಎಲ್ಲ ನೋಡ್ದೆ. ಚೀಲನೂ ಸುರುವಿ ನೋಡ್ದೆ."

ಮೇಲಿನ ಕೋಣೆ ಬಾಗಿಲು ಎಳೆದ್ರೆ ತಾನಾಗೇ ಬೀಗ ಬೀಳೋ ಥರದ್ದು. ಚಿಕ್ಕಮ್ಮ ಎದ್ದು ತೆಗೆಯೋಕಾಗುತ್ತಾ? ಇನ್ನೊಂದು ಕೀ ನನ್ನ ಹತ್ರ ಇತ್ತು. ನಿದ್ದೆ ಹಾಳಾದ ಸಿಟ್ಟು ನನಗೆ. ಡಬ್ಬಿಯಿಂದ ಕೀ ಹುಡುಕ್ತಾ, ಚುಚ್ಚೋಣ ಅಂತಲೇ ಅಂದೆ, "ಎಲ್ಲಾದ್ರೂ ಮೇಸ್ತ್ರಿ ಹಾಗೆ ವೈರಿಗೆ ಕಟ್ಟಿ ಬಂದ್ಯೇನೋ?"

ಮೊಬೈಲ್ ಬೆಳಕಲ್ಲಿ ಅವನ ಮುಖ ನೋಡಿದೆ. ಬಿಳಿಚ್ಕೊಂಡುಬಿಟ್ಟಿತ್ತು.

"ಅಕ್ಕಾ... ವೈರು ತೆಗೆದಿಲ್ಲ."

"ಯಾವ ವೈರು?"

"ಜಂಪರ್. ಹಾಗೇ ಬಿಟ್ಟು ಓಡಿದೀನಿ. ಲಿಫ್ಟು ಓಡ್ತಾ ಇದೆ. ಮೂರನೇ ಮಹಡಿ ಬಾಗಿಲು..." ಅಷ್ಟಕ್ಕೇ ನಿಲ್ಲಿಸಿದ. ಆಮೇಲೆ ಪಿಸುಗುಟ್ಟಿದ. "ಬಕೆಟ್ ಅಕ್ಕ."

ಬಕೆಟ್ ಅಕ್ಕ ಅಂದ್ರೆ ಆ ಕಟ್ಟಡದಲ್ಲಿ ನೆಲ ಒರೆಸೋ ಹೆಂಗಸು. ಬೆಳಗಿನ ಜಾವ ನಾಲ್ಕೂವರೆಗೆ ಬರ್ತಾರೆ. ನೀರಿನ ನಲ್ಲಿ ಇರೋದು ಮೂರನೇ ಮಹಡಿಯಲ್ಲಿ. ಬಕೆಟ್ ತುಂಬಿಸ್ಕೊಂಡು, ಲಿಫ್ಟಿನ ಬಾಗಿಲು ಎಳೆದು, ಸೊಂಟದಲ್ಲಿ ಅದನ್ನ ತಡೆದು, ಎರಡೂ ಕೈಯಲ್ಲಿ ಬಕೆಟ್ ಹಿಡ್ಕೊಂಡು ಹಿಂದೆ ಹಿಂದೆ ಹೆಜ್ಜೆ ಹಾಕ್ತಾ ಒಳಗೆ ಹೋಗೋದು. ಹಿಂದೆ ತಿರುಗಿ ನೋಡಲ್ಲ. ಇಪ್ಪತ್ತು ವರ್ಷದ ಅಭ್ಯಾಸ, ಯಾಕೆ ನೋಡ್ತಾರೆ? ಹಿಂದಿನ ದಿನ ತಾನೇ ಇವನಿಗೆ ಅರ್ಧ ಲೋಟ ಟೀ ಕೊಟ್ಟಿದ್ರಂತೆ.

ಸೂಪರ್‌ವೈಸರ್‌ಗೆ ಫೋನ್ ಮಾಡಿದ. ನಾನು ಪಕ್ಕದಲ್ಲೇ ನಿಂತಿದ್ದೆ. ಏಳು ಸಲ ಮಾಡಿದಮೇಲೆ ಎತ್ತಿದ ಪುಣ್ಯಾತ್ಮ. ಇವನು ಹೇಳೋದು ಹೇಳಿದ, ಆ ವಾಚ್‌ಮನ್‌ಗೆ ಫೋನ್ ಮಾಡಿ ಲಿಫ್ಟಿನ ಮೇನ್ ಆಫ್ ಮಾಡಿಸಿ ಸಾರ್ ಅಂದ. ಆ ಕಡೆಯಿಂದ ಆಕಳಿಕೆ.

"ವಾಚ್‌ಮನ್ ನಂಬರು ನನ್ನ ಹತ್ರ ಎಲ್ಲಿದೆ? ಬೆಳಗ್ಗೆ ಬೇಗ ಹೋಗಿ ತೆಗೆದುಬಿಡು. ಇಷ್ಟು ಹೊತ್ತು ಏನೂ ಆಗಿಲ್ವಲ್ಲ."

"ನಾಲ್ಕೂವರೆಗೆ ಆಯಮ್ಮ ಬರ್ತಾರೆ ಸಾರ್."

"ಏನಾಗ್ಬೇಕು ಅಂತ ಇದ್ಯೋ ಅದಾಗುತ್ತೆ. ಅವರವರ ಕರ್ಮ. ನೀನು ಮಲ್ಕೊ."

ಲೈನ್ ಕಟ್. ಅಯ್ಯೋ, ಆಗ ಇವನು ಬೈದ ಬೈಗುಳ ನಾನು ಇಲ್ಲಿ ಹೇಳಲ್ಲ, ಮಕ್ಕಳೂ ಇದಾವೆ. ಮೊಬೈಲ್ ಎಸೆಯೋಕೆ ಕೈ ಎತ್ತಿದೋನು, ಎಸೀಲಿಲ್ಲ. "ನೋಡಿದ್ಯಾ ಅಕ್ಕ? ನೋಡಿದ್ಯಾ? ಈ ಪದ ಇರೋದೇ ಇದಕ್ಕೆ. ಮಲ್ಕೊಳ್ಳೋಕೆ!"

"ಚಿಕ್ಕಮ್ಮನ್ನ ನಾನು ನೋಡ್ಕೋತೀನಿ. ನಡಿ" ಅಂದೆ. ಹೋದ. ಅರ್ಧ ಓಟ, ಅರ್ಧ ನಡಿಗೆ.

ಮುಂದಿನದು ಅವನು ಹೇಳಿದ್ದು. ಒಂದೇ ಸಲ ಹೇಳಿದ, ಆಮೇಲೆ ಎಷ್ಟು ಕೇಳಿದ್ರೂ ಬಾಯಿ ಬಿಡಲ್ಲ.

ಬಾವಿ ಹತ್ರ ಈ ಸಲ ಏನೂ ಕೇಳಿಸ್ಲಿಲ್ಲ. ಆಗ ಕೇಳಿಸಿದ್ದು ಜಾಲರಿಯ ಸರಪಳಿ ಸದ್ದು ಅಂತ ತನಗೆ ತಾನೇ ಹೇಳ್ಕೊಂಡನಂತೆ. ಮಾರನೇ ದಿನ ನಾನೇ ಹೋಗಿ ನೋಡಿ ಬಂದೆ. ಆ ಜಾಲರಿಗೆ ಸರಪಳಿನೇ ಇಲ್ಲ. ಸುತ್ತಲೂ ವೆಲ್ಡಿಂಗ್ ಮಾಡಿದಾರೆ.

ಕಟ್ಟಡ ಮುಟ್ಟಿದಾಗ ನಾಲ್ಕಕ್ಕೆ ಐದು ನಿಮಿಷ. ವಾಚ್‌ಮನ್ ಕಿವಿಗೆ ಮಫ್ಲರ್ ಸುತ್ತಿ ಕುರ್ಚಿಯಲ್ಲಿ ಗೊರಕೆ. ಗೇಟು ಅಲ್ಲಾಡಿಸಿ ಅಲ್ಲಾಡಿಸಿ ಎಬ್ಬಿಸಿದ್ರೆ, ಆ ಮಹಾರಾಯ ಕೇಳ್ತಾನೆ, "ಲೆಟರ್ ಇದೆಯಾ?"

"ಯಾವ ಲೆಟರ್ ರೀ? ಸಂಜೆ ಇಲ್ಲೇ ಇದ್ನಲ್ಲ ನಾನು!"

"ರಾತ್ರಿ ಹತ್ತರ ಮೇಲೆ ಮಿಷನ್ ರೂಮ್ ಕೀ ಬೇಕು ಅಂದ್ರೆ ಲೆಟರ್ ಬೇಕು."

"ಹಾಗಿದ್ರೆ ನೀವೇ ಹೋಗಿ ಮೇನ್ ಆಫ್ ಮಾಡಿ ಬನ್ನಿ."

"ಮುಟ್ಟಬಾರದು ಅಂತ ಬೋರ್ಡು ಹಾಕಿದಾರೆ."

ಹದಿನೆಂಟು ನಿಮಿಷ! ಜೀವದ ಪ್ರಶ್ನೆ ಅಂದ, ಕಾಲಿಗೆ ಬೀಳ್ತೀನಿ ಅಂದ, ಪೊಲೀಸ್ ಕರೀತೀನಿ ಅಂದ. ಕೊನೆಗೆ ರಿಜಿಸ್ಟರಲ್ಲಿ ಹೆಸರು, ಟೈಮು, ಬಂದ ಕಾರಣ ಎಲ್ಲ ಬರೆಸ್ಕೊಂಡು ಕೀ ಕೊಟ್ಟ. ಪೆನ್ನು ಬರೀತಿರ್ಲಿಲ್ಲವಂತೆ. ಕೇಳಿದ್ರೇ ನನಗೆ ರಕ್ತ ಕುದಿಯುತ್ತೆ, ಅವನಿಗೆ ಹೇಗಾಗಿರ್ಬೇಡ.

ಮೆಟ್ಟಿಲು ಹತ್ತಿದ. ಒಂದು... ಎರಡು... ಮೂರನೇ ಮಹಡಿ.

ಲಿಫ್ಟಿನ ಬಾಗಿಲು ನಾಲ್ಕು ಬೆರಳಷ್ಟು ತೆರೆದಿತ್ತು. ಒಳಗೆ ಲಿಫ್ಟಿಲ್ಲ. ಕತ್ತಲೆ. ಗ್ರೀಸ್ ವಾಸನೆ, ತಣ್ಣನೆ ಗಾಳಿ ಮುಖಕ್ಕೆ. ಎಲ್ಲೋ ಕೆಳಗೆ ಒಂದು ಹನಿ ಬಿತ್ತು. ತೊಟ್... ಬಾವಿಯೊಳಗೆ ಬಿದ್ದ ಹಾಗೆ.

ಬಾಗಿಲು ಒತ್ತಿ ಮುಚ್ಚಿದ. ಕೈ ಬಿಟ್ರೆ ಮತ್ತೆ ತೆರ್ಕೊಳ್ಳುತ್ತೆ. ಕಟ್ಟೋಕೆ ಏನೂ ಇಲ್ಲ. ಅವಸರದಲ್ಲಿ ಚೀಲ ನನ್ನ ಅಂಗಡಿಯಲ್ಲೇ ಬಿಟ್ಟು ಹೋಗಿದ್ದ. ಸೊಂಟದ ಬೆಲ್ಟು ಬಿಚ್ಚಿ, ಹಿಡಿಕೆಗೂ ಪಕ್ಕದ ಪೈಪಿಗೂ ಸೇರಿಸಿ ಬಿಗಿದ. ಒಂದು ಕೈಯಲ್ಲಿ ಪ್ಯಾಂಟ್ ಹಿಡ್ಕೊಂಡು ಮೇಲೆ ಓಡಿದ. ಹೂಂ, ಈಗ ನಗಿ, ಇದಕ್ಕೆ ನಾನೂ ನಕ್ಕಿದ್ದೆ.

ಆರನೇ ಮಹಡಿ ದಾಟುವಾಗ...

ಟಣ್... ಟಣ್.

ಮೇಲಿಂದ. ಮಿಷನ್ ರೂಮಿಂದ.

ಹೆದರಿಕೆಗಿಂತ ಸಿಟ್ಟು ಬಂತಂತೆ ಅವನಿಗೆ. "ಯಾರ್ರೀ ಅದು?" ಅಂತ ಕೂಗಿದ. ಉತ್ತರ ಇಲ್ಲ. ಹೋಗಿ ನೋಡಿದ್ರೆ ಬಾಗಿಲಿಗೆ ಹೊರಗಿಂದ ಬೀಗ. ಬೀಗದ ಮೇಲೆ ಧೂಳು, ಸಂಜೆ ಹಾಕಿದಾಗಿನ ಇವನದೇ ಗ್ರೀಸ್ ಬೆರಳಚ್ಚು. ತೆಗೆದು ಒಳಗೆ ಹೋದ. ಯಾರೂ ಇಲ್ಲ. ಪ್ಯಾನೆಲ್ ಡಬ್ಬ ಮುಚ್ಚಿತ್ತು, ಅವನೇ ಮುಚ್ಚಿದ್ದ ಹಾಗೆ. ಮೊಬೈಲ್ ಬೆಳಕು ಹಿಡಿದು ಡಬ್ಬ ತೆಗೆದ.

ಜಂಪರ್ ಇತ್ತು. ಅದಕ್ಕೆ ಒಂದು ಬಟ್ಟೆ ಪಟ್ಟಿ. ಪಟ್ಟಿಯ ತುದಿಯಲ್ಲಿ ಅವನ ಮನೆ ಕೀ.

ಕೀ ಇನ್ನೂ ಅಲ್ಲಾಡ್ತಿತ್ತು.

ಎಷ್ಟು ಹೊತ್ತು ನೋಡ್ತಾ ನಿಂತಿದ್ನೋ ಅವನಿಗೇ ಗೊತ್ತಿಲ್ಲ. ಕೆಳಗಿಂದ ಸದ್ದು ಬಂತು, ಬಕೆಟ್ ಎಳೆಯೋದು, ಕರ್‌ರ್... ಕರ್‌ರ್... ಗಡಿಯಾರ ನೋಡಿದ್ರೆ ನಾಲ್ಕೂ ಇಪ್ಪತ್ತೆರಡು. ಆವತ್ತು ಎಂಟು ನಿಮಿಷ ಮುಂಚೆ ಬಂದಿದ್ರು. ವೈರು ಕಿತ್ತ. ಚಟ್ ಅಂತ ಮಿಷನ್ ನಿಂತಿತು. ನಾಲ್ಕು ನಾಲ್ಕು ಮೆಟ್ಟಿಲು ಹಾರ್ಕೊಂಡು ಇಳಿದ.

ಮೂರನೇ ಮಹಡಿಯಲ್ಲಿ ಬಕೆಟ್ ಅಕ್ಕ ಲಿಫ್ಟಿಗೆ ಬೆನ್ನು ಮಾಡಿ ನಿಂತಿದ್ರು. ಒಂದು ಕೈ ಹಿಂದೆ ಚಾಚಿ ಬಾಗಿಲಿನ ಹಿಡಿಕೆ ಜಗ್ತಾ ಇದ್ರು. ಬೆಲ್ಟಿನ ಬಕಲ್ ಕೊನೇ ತೂತಿಗೆ ಜಾರಿತ್ತು.

"ಅಕ್ಕಾ! ಬಿಡಿ!"

"ಯಾವನಪ್ಪ ಇದನ್ನ ಬಿಗಿದಿರೋನು? ನೀನಾ?"

"ಲಿಫ್ಟು ಕೆಟ್ಟಿದೆ ಅಕ್ಕ. ಬಿಡಿ, ಈ ಕಡೆ ಬನ್ನಿ."

"ನಿನ್ನೆ ಇಡೀ ದಿನ ಮಾಡಿದ್ದೇನು ಮತ್ತೆ? ಟೀ ಬೇರೆ ಕುಡಿದೆ ನನ್ನ ಹತ್ರ! ಏಳನೇ ಮಹಡಿಗೆ ಈ ಬಕೆಟ್ ನಿಮ್ಮಪ್ಪ ಹೊರ್ತಾನಾ? ಥೂ, ನನ್ನ ಕರ್ಮ!"

ಇವನು ಯಾಕೆ ಅಂತನೂ ಕೇಳ್ಲಿಲ್ಲ. ಬಾಗಿಲಿಗೆ ಬೆಲ್ಟ್ ಇನ್ನೊಂದು ಸುತ್ತು ಬಿಗಿದು, ಒಂದು ಕೈಯಲ್ಲಿ ಪ್ಯಾಂಟು, ಇನ್ನೊಂದು ಕೈಯಲ್ಲಿ ಬಕೆಟ್ಟು, ನಾಲ್ಕು ಮಹಡಿ ಹತ್ತಿಸಿ ಕೊಟ್ಟ. ದಾರಿಯುದ್ದಕ್ಕೂ ಬೈಗುಳ ಹಿಂದೆ ಹಿಂದೆ ಬಂತಂತೆ. ಆರು ಗಂಟೆವರೆಗೆ ಮೂರನೇ ಮಹಡಿ ಮೆಟ್ಟಿಲ ಮೇಲೇ ಕಾವಲು ಕೂತಿದ್ದು, ಬೆಳಗಿನ ವಾಚ್‌ಮನ್ ಹತ್ರ ಒಂದು ಸರಪಳಿ ಇಸ್ಕೊಂಡು ಬಾಗಿಲಿಗೆ ಹಾಕಿ ಬಂದ.

ಬರೋ ಹೊತ್ತಿಗೆ ನಾನು ಚಿಕ್ಕಮ್ಮನಿಗೆ ಮುಖ ತೊಳೆಸ್ತಾ ಇದ್ದೆ. ಬಂದೋನೇ ಕೀ ಮತ್ತೆ ಆ ಪಟ್ಟಿ ಮೇಜಿನ ಮೇಲೆ ಹಾಕಿದ. ಸಿಟ್ಟು ಮೂಗಿನ ತುದಿಯಲ್ಲಿತ್ತು. ಸೂಪರ್‌ವೈಸರ್ ಆಗಲೇ ಫೋನ್ ಮಾಡಿದ್ದ, ಕೇಳದೆ ಲಿಫ್ಟು ನಿಲ್ಲಿಸಿದ್ದಕ್ಕೆ ಮೆಮೋ. ರಾತ್ರಿ ವಾಚ್‌ಮನ್ ಕಂಪ್ಲೇಂಟ್ ಬರೆದಿದ್ದ, ಗಲಾಟೆ ಮಾಡಿದ ಅಂತ.

"ಎಲ್ಲಿ ಅಕ್ಕ ನಿಮ್ಮ ಕರ್ಮ? ಒಳ್ಳೇದು ಮಾಡಿದ್ರೆ ಒಳ್ಳೇದಾಗುತ್ತೆ ಅಂತೀರಲ್ಲ, ಎಲ್ಲಿ? ಮೂರು ಜನ ಉಗಿದ್ರು ನನಗೆ. ಆ ಸೂಪರ್‌ವೈಸರ್ ಮಾತ್ರ ಸುಖವಾಗಿ ನಿದ್ದೆ ಮಾಡಿ ಎದ್ದಿದಾನೆ!"

"ಆಯಮ್ಮ ಕೆಲಸ ಮುಗಿಸಿ ಮನೆಗೆ ಹೋದ್ರಾ?" ಅಂದೆ.

ಅವನು ನನ್ನ ಮುಖ ನೋಡಿದ. "ಹೂಂ" ಅಂದ. ಆಮೇಲೆ ಕೂತ್ಕೊಂಡ. ಸಿಟ್ಟು ಇಳೀತಾ ಬಂತು. ಎಂಟು ನಿಮಿಷ ಅಕ್ಕ, ಎಂಟೇ ನಿಮಿಷ, ಕೀ ಜೇಬಲ್ಲಿದ್ದಿದ್ರೆ ನಾನು ಮಲಗಿಬಿಟ್ಟಿರ್ತಿದ್ದೆ ಅಂತ ಅದನ್ನೇ ಹೇಳ್ತಾ ಇದ್ದ.

ನಾನು ಆವತ್ತು ಚಿಕ್ಕಮ್ಮನ ಕೈ ಹಿಡ್ಕೊಂಡು ಹೇಳಿಬಿಟ್ಟೆ. ಯಾವತ್ತೋ ಹೇಳ್ಬೇಕಾಗಿದ್ದು. "ನಾನು ಆಡಿದ್ದು ತಪ್ಪು ಚಿಕ್ಕಮ್ಮ. ನೀನು ಏನೂ ಮಾಡಿಲ್ಲ. ಯಾವ ಜನ್ಮದಲ್ಲೂ." ಅವಳ ಬಲಗೈ ನನ್ನ ಬೆರಳನ್ನ ಗಟ್ಟಿಯಾಗಿ ಒತ್ತಿತು. ಅಳು ಬಂತು, ಅತ್ತುಬಿಟ್ಟೆ. ಅದರಲ್ಲೇನು ನಾಚಿಕೆ.

ಆಮೇಲೆ ಪಟ್ಟಿ ಕೈಗೆ ತಗೊಂಡು ನೋಡಿದೆ. ಎರಡು ಬೆರಳಗಲ, ಒಂದು ಗೇಣುದ್ದ. ಎರಡು ಸುತ್ತು ಹಾಕಿ ಬಾಲ ಒಳಗೆ ಸಿಕ್ಕಿಸಿದ ಗಂಟು.

"ನಾನೇ ಕಟ್ಟಿರ್ತೀನಿ" ಅಂದ ಯಾಕಪ್ಪ. "ಮೇಸ್ತ್ರಿ ಕಟ್ಟೋದು ನೋಡಿ ನೋಡಿ ಕೈಗೆ ಅಭ್ಯಾಸ ಆಗಿರುತ್ತೆ. ಅವಸರದಲ್ಲಿ ಕಟ್ಟಿ ಮರೆತಿರ್ತೀನಿ. ಚೀಲದಲ್ಲಿ ಎಲ್ಲೋ ಒಂದು ಹಳೇ ಪಟ್ಟಿ ಇದ್ದಿರ್ಬೇಕು. ಅಷ್ಟೇ ಅಕ್ಕ, ಸುಮ್ನೆ ಏನೇನೋ ಕತೆ ಕಟ್ಬೇಡ."

ನಾನು ಬಟ್ಟೆ ನೋಡ್ತಾ ಇದ್ದೆ. ಹಸಿರು ಬಟ್ಟೆ, ಮೇಲೆ ಬಿಳೀ ಪುಟ್ಟ ಪುಟ್ಟ ಕೊಡೆಗಳು. ಮಕ್ಕಳ ಡಾಕ್ಟರ ಕ್ಲಿನಿಕ್ಕಿನ ಪರದೆಗೆ ಅಂತ ನನ್ನ ಅಂಗಡಿಗೆ ಬಂದ ಬಟ್ಟೆ ಅದು, ಡಾಕ್ಟರು ಮುಂಚೆನೇ ಮೊಬೈಲಲ್ಲಿ ಅದರ ಫೋಟೋ ತೋರಿಸಿದ್ರು. ಬಂದಿದ್ದು ಹಿಂದಿನ ಸಂಜೆ ಏಳೂವರೆಗೆ. ಅಷ್ಟೊತ್ತಿಗೆ ಇವನು ಆ ಕಟ್ಟಡ ಬಿಟ್ಟಾಗಿತ್ತು. ಬೆಳಗ್ಗೆ ಆರಕ್ಕೆ ಹೋದೋನು ರಾತ್ರಿ ಮೂರು ಗಂಟೆವರೆಗೆ ನನ್ನ ಅಂಗಡಿ ಕಡೆ ಬಂದೇ ಇಲ್ಲ.

ಅದನ್ನ ಹೇಳಿದೆ. ನೀನೇ ನಿದ್ದೆಗಣ್ಣಲ್ಲಿ ಕತ್ತರಿಸಿ ಕೊಟ್ಟಿರ್ತೀಯ ಅಂದ! ನನ್ನ ತಲೆ ಕೆಟ್ಟಿದೆ ಅಂದ! ಇವತ್ತಿಗೂ ಅದನ್ನೇ ಹೇಳ್ತಾನೆ, ಕೇಳಿ ಕೇಳಿ ನನಗೆ ಸಾಕಾಗಿದೆ. ಆದ್ರೆ ಪ್ರತಿ ತಿಂಗಳು ಬರ್ತಾನೆ, ಮುಖ ಆ ಕಡೆ ತಿರುಗಿಸ್ಕೊಂಡು ಕೈ ಚಾಚ್ತಾನೆ. "ಹತ್ತು ಕೊಡು." ಕೊಡ್ತೀನಿ. ಯಾಕೆ ಅಂತ ನಾನೂ ಕೇಳಲ್ಲ.

ನೀವೂ ನಂಬಬೇಡಿ, ನನಗೇನು. ಪಟ್ಟಿ ಇಲ್ಲೇ ಗುಂಡಿ ಡಬ್ಬಿಯಲ್ಲಿದೆ, ಕರೆಂಟು ಬಂದಮೇಲೆ ತೋರಿಸ್ತೀನಿ, ಮುಟ್ಟಿ ನೋಡಿ. ಆದ್ರೆ ಒಂದು ಮಾತು. ಆ ಬಟ್ಟೆ ಕಂತೆ ಅಂಗಡಿಯವರು ಕಟ್ಟಿ ಕಳಿಸಿದ ಹಾಗೇ ಇತ್ತು, ಹೊರಗೆ ಕಾಗದ, ಕಾಗದದ ಮೇಲೆ ಅಡ್ಡ ಉದ್ದ ಸುತ್ತಿದ ದಾರ, ದಾರದ ಮೇಲೆ ಅವರ ಚೀಟಿ. ಆವತ್ತು ಬೆಳಗ್ಗೆ ಒಂಬತ್ತಕ್ಕೆ ದಾರ ಕತ್ತರಿಸಿ ಬಿಚ್ಚಿದ್ದು ನಾನೇ, ಈ ಕೈ. ಹರಡಿ ಅಳೆದೆ. ಒಂದು ಮೂಲೆಯಲ್ಲಿ ಎರಡು ಬೆರಳಗಲ, ಒಂದು ಗೇಣುದ್ದ ಕಡಿಮೆ ಇತ್ತು.